ಸಸಿ ಮರವಾಗುವ ತನಕ



ಗಿಡ ನೆಡುವುದಕ್ಕೆ ನಮ್ಮಲ್ಲಿ ಹಬ್ಬವಿದೆ. ನೆಟ್ಟ ಗಿಡವನ್ನು ಕಾಯುವುದಕ್ಕೆ ಯಾವ ಹಬ್ಬವೂ ಇಲ್ಲ. 1950ರಲ್ಲಿ ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಪ್ರತಿ ಮುಂಗಾರಿನಲ್ಲೂ ಶಾಲೆ, ಕಚೇರಿ, ಪಂಚಾಯಿತಿಗಳ ಅಂಗಳದಲ್ಲಿ ಗುಂಡಿ ತೋಡುತ್ತಾರೆ, ಸಸಿ ಇಳಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಹೊಲದ ಬದಿಯ ರೈತನೂ ಒಳ್ಳೆಯ ಮಳೆ ನೋಡಿಕೊಂಡು ಮಾವು, ಹಲಸು, ಸಪೋಟ, ಸೀಬೆಯ ಗಿಡಗಳನ್ನು ತಂದು ನೆಡುತ್ತಾನೆ. ಆದರೆ ಮುಂದಿನ ಯುಗಾದಿಯ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವವರು ಕಡಿಮೆ.

ಉಳಿಯದ ಗಿಡಗಳಲ್ಲಿ ಕೆಲವು ನೀರಿಲ್ಲದೆ ಒಣಗಿರುತ್ತವೆ. ಕೆಲವನ್ನು ಊರಿನ ದನ, ಆಡುಗಳು ಮೇಯ್ದಿರುತ್ತವೆ. ಕಾಡಂಚಿನ ಊರುಗಳಲ್ಲಿ ಮಾತ್ರ ಇನ್ನೊಂದು ಉತ್ತರವಿದೆ: ರಾತ್ರಿ ಜಿಂಕೆ ಬಂದಿತ್ತು, ಮುಳ್ಳುಹಂದಿ ಬಂದಿತ್ತು, ಹೆಗ್ಗಣ ಬೇರು ಕಡಿಯಿತು. ಈ ಮಾತಿನ ಹಿಂದೆ ಒಂದು ಸಂಸಾರದ ಸಾಲವಿರಬಹುದು, ಮೂರು ವರ್ಷದ ನೀರು ಹೊತ್ತ ಶ್ರಮವಿರಬಹುದು. ಆ ಸಿಟ್ಟಿನಲ್ಲೇ ವಿಷ ಇಡುವ, ಉರುಳು ಹಾಕುವ, ಬೇಲಿಗೆ ನೇರ ವಿದ್ಯುತ್ ಹರಿಸುವ ಕೆಲಸಗಳೂ ನಡೆಯುತ್ತವೆ. ಆದ್ದರಿಂದ ಎಳೆಯ ಹಣ್ಣಿನ ಗಿಡವನ್ನು ಕಾಯುವುದು ಹೇಗೆ ಎಂಬುದು ತೋಟಗಾರಿಕೆಯ ಸಣ್ಣ ಪ್ರಶ್ನೆಯಲ್ಲ. ಕಾಡು ಮತ್ತು ಊರಿನ ನಡುವಿನ ಬಾಳುವೆಯ ಪ್ರಶ್ನೆ.

ಈ ಪ್ರಶ್ನೆಗೆ ಹಳಬರ ಅನುಭವವೂ ಇಂದಿನ ವಿಜ್ಞಾನವೂ ಕೊಡುವ ಉತ್ತರ ಒಂದೇ. ಕಾಯಬೇಕಾದ್ದು ಇಡೀ ತೋಟವನ್ನಲ್ಲ, ಎಂದೆಂದಿಗೂ ಅಲ್ಲ. ಕಾಯಬೇಕಾದ್ದು ಪ್ರತಿ ಗಿಡದ ಕೆಲವು ಅಡಿಗಳನ್ನು, ಕೆಲವು ವರ್ಷಗಳ ಕಾಲ. ಸಸಿಗೂ ಜಿಂಕೆಗೂ ಇರುವ ಜಗಳ ಶಾಶ್ವತವಾದುದಲ್ಲ. ಅದು ಸಸಿ ಮರವಾಗುವ ತನಕ ಮಾತ್ರ.

ಮೊದಲು ಕಳ್ಳನನ್ನು ಗುರುತಿಸಬೇಕು. ಬೆಳಿಗ್ಗೆ ತೋಟಕ್ಕೆ ಹೋದವನಿಗೆ ಕಾಣುವುದು ತುದಿ ಇಲ್ಲದ ಗಿಡ ಮಾತ್ರ. ಆದರೆ ತಿಂದ ಪ್ರಾಣಿ ತನ್ನ ಸಹಿ ಹಾಕಿಯೇ ಹೋಗಿರುತ್ತದೆ. ಜಿಂಕೆ, ಕಡವೆ, ಕಾಡುಕುರಿಗಳಿಗೆ ಮೇಲ್ದವಡೆಯಲ್ಲಿ ಮುಂಭಾಗದ ಬಾಚಿಹಲ್ಲುಗಳಿಲ್ಲ. ದನಗಳಂತೆ ಅಲ್ಲಿ ಗಟ್ಟಿ ವಸಡಿರುತ್ತದೆ. ಅವು ಚಿಗುರನ್ನು ಕೆಳಹಲ್ಲಿಗೂ ವಸಡಿಗೂ ನಡುವೆ ಹಿಡಿದು ಎಳೆದು ಹರಿಯುತ್ತವೆ. ಹಾಗಾಗಿ ಕಡ್ಡಿಯ ತುದಿ ನಾರು ನಾರಾಗಿ ಚಿಂದಿಯಾಗಿರುತ್ತದೆ. ಮೊಲ ತಿಂದಿದ್ದರೆ ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದಂತೆ ನುಣುಪಾಗಿರುತ್ತದೆ. ಇಲಿ ಕೆರೆದ ತೊಗಟೆಯ ಮೇಲೆ ಸಣ್ಣ ಜೋಡಿ ಗೀರುಗಳಿರುತ್ತವೆ. ಬುಡದಲ್ಲಿ ಅಗಲವಾದ ಉಳಿಯ ಏಟಿನಂಥ ಗುರುತುಗಳಿದ್ದರೆ, ಪಕ್ಕದಲ್ಲಿ ಕಪ್ಪು ಬಿಳುಪಿನ ಒಂದು ಮುಳ್ಳು ಬಿದ್ದಿದ್ದರೆ ಅದು ಮುಳ್ಳುಹಂದಿಯ ಕೆಲಸ. ಈ ಪ್ರಾಣಿ ಹೆಸರಿಗಷ್ಟೇ ಹಂದಿ. ಕುಲದಲ್ಲಿ ಇಲಿಯ ದೊಡ್ಡ ನೆಂಟ. ಎಲ್ಲವೂ ಸರಿಯಾಗಿದ್ದು ಗಿಡ ಮಾತ್ರ ಬಾಡಿದ್ದರೆ ಮೆಲ್ಲನೆ ಎಳೆದು ನೋಡಬೇಕು. ಬೇರಿಲ್ಲದೆ ಕೈಗೆ ಬಂದರೆ, ಹತ್ತಿರದಲ್ಲಿ ಸಡಿಲ ಮಣ್ಣಿನ ಗುಪ್ಪೆ ಇದ್ದರೆ ಹೆಗ್ಗಣ ನೆಲದೊಳಗೆ ಬಿಲ ಕೊರೆದಿದೆ ಎಂದರ್ಥ.

ಇನ್ನೊಂದು ಗುರುತೂ ಉಂಟು. ತೊಗಟೆ ಉದ್ದುದ್ದ ಸಿಗಿದು ಜೋತು ಬಿದ್ದಿರುತ್ತದೆ, ಆದರೆ ಎಲೆ ತಿಂದಿರುವುದಿಲ್ಲ. ಇದು ಗಂಡು ಜಿಂಕೆಯೋ ಕಡವೆಯೋ ಕೊಂಬನ್ನು ಉಜ್ಜಿದ ಗುರುತು. ಅವುಗಳ ಕೊಂಬು ಪ್ರತಿ ಬಾರಿ ಉದುರಿ ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಚರ್ಮವಿರುತ್ತದೆ. ಬಲಿತ ಮೇಲೆ ಆ ಚರ್ಮವನ್ನು ಉಜ್ಜಿ ತೆಗೆಯಲು ಪ್ರಾಣಿಗೆ ಬಗ್ಗುವಂಥ ಎಳೆಯ ಕಾಂಡ ಬೇಕು. ದೊಡ್ಡ ಮರಕ್ಕಿಂತ ಎರಡು ವರ್ಷದ ಮಾವಿನ ಗಿಡ ಅದಕ್ಕೆ ಅನುಕೂಲ. ಇಲಿ ಜಾತಿಯ ಕಥೆ ಬೇರೆ. ಅವುಗಳ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಪದಾರ್ಥವನ್ನು ಕಡಿದು ಸವೆಸದಿದ್ದರೆ ಅದರ ಬಾಯಿಗೇ ಅದು ಮುಳುವಾಗುತ್ತದೆ. ಹೀಗೆ ಹಸಿವು ಒಂದೇ ಕಾರಣವಲ್ಲ ಎಂಬುದನ್ನು ಮರೆಯುವಂತಿಲ್ಲ.

ಎಲೆ ತಿಂದರೆ ಗಿಡ ಮತ್ತೆ ಚಿಗುರುತ್ತದೆ. ಆದರೆ ತೊಗಟೆಯ ಒಂದು ಸಣ್ಣ ಉಂಗುರ ಹೋದರೆ ಗಿಡವೇ ಏಕೆ ಸಾಯುತ್ತದೆ? ಬೇರು ಹೀರಿದ ನೀರು ಮರದ ಒಳಭಾಗದ ಮೂಲಕ ಮೇಲೇರುತ್ತದೆ. ಎಲೆ ತಯಾರಿಸಿದ ಆಹಾರ ತೊಗಟೆಯ ಒಳಪದರದ ಮೂಲಕ ಕೆಳಗಿಳಿಯುತ್ತದೆ. ತೊಗಟೆ ಸುತ್ತಲೂ ಹೋದರೆ ಮೇಲಿನವರು ಕೆಳಗಿನವರಿಗೆ ಊಟ ಕಳುಹಿಸುವ ದಾರಿ ಕಡಿಯಿತು. ನೀರು ಮಾತ್ರ ಏರುತ್ತಲೇ ಇರುವುದರಿಂದ ಗಿಡ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಹಸಿರಾಗಿಯೇ ಕಾಣುತ್ತದೆ. ಒಳಗೊಳಗೇ ಬೇರು ಉಪವಾಸ ಬಿದ್ದು ಸಾಯುತ್ತದೆ. ಆಮೇಲೆ ಒಂದು ದಿನ ಎಲೆ ಒಣಗುತ್ತದೆ. ರೈತ ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾನೆ. ಸಾವು ಬಂದದ್ದು ಬುಡದಲ್ಲಿ, ಅದೂ ಎಷ್ಟೋ ದಿನ ಹಿಂದೆ.

ತೆಂಗು, ಅಡಿಕೆಗಳ ರಚನೆ ಹೀಗಿಲ್ಲ. ಅವುಗಳಿಗೆ ಈ ಬಗೆಯ ತೊಗಟೆಯ ಉಂಗುರವಿಲ್ಲ. ಸಾಗಾಟದ ನಾಳಗಳು ಕಾಂಡದ ತುಂಬ ಹರಡಿಕೊಂಡಿರುತ್ತವೆ. ಅವುಗಳ ಜೀವವೆಲ್ಲ ಒಂದೇ ಸುಳಿಯಲ್ಲಿ. ಎಳೆಯ ತೆಂಗಿನ ಸಸಿಯ ಬುಡವನ್ನು ಮುಳ್ಳುಹಂದಿ ಕೊರೆದು ಒಳಗಿನ ಬಿಳಿಯ ತಿರುಳಿಗೆ ಬಾಯಿ ಹಾಕಿದರೆ ಪಕ್ಕದಿಂದ ಚಿಗುರುವ ಮಾತೇ ಇಲ್ಲ. ಹಾಗಾಗಿ ಮಾವಿಗೆ ಬುಡದ ತೊಗಟೆ, ತೆಂಗಿಗೆ ಸುಳಿ. ಕಾವಲು ಎಲ್ಲಿರಬೇಕೆಂಬುದನ್ನು ಗಿಡವೇ ಹೇಳುತ್ತದೆ.

ಕಸಿ ಗಿಡಗಳದ್ದು ಮತ್ತೊಂದು ತೊಡಕು. ಹಿಂದಿನವರು ಮಾವಿನ ಓಟೆ ಹೂಳಿ ಬೆಳೆಸಿದ ಮರಗಳು ಎತ್ತರಕ್ಕೆ ಹೋಗಿ ಕವಲೊಡೆಯುತ್ತಿದ್ದವು. ಇಂದಿನ ಕಸಿ ಗಿಡ ಬೇಗ ಫಲ ಕೊಡುತ್ತದೆ, ಆದರೆ ಗಿಡ್ಡ; ಕೊಂಬೆಗಳು ಕೆಳಗೇ ಹರಡುತ್ತವೆ. ಕೊಯ್ಯುವ ಕೈಗೆ ಅನುಕೂಲವಾದದ್ದು ಜಿಂಕೆಯ ಬಾಯಿಗೂ ಅನುಕೂಲವೇ. ಕಸಿಯ ಗಂಟಿನ ಮೇಲೆ ಗಿಡವನ್ನು ತಿಂದರೆ ಅದೇ ತಳಿ ಮತ್ತೆ ಚಿಗುರುತ್ತದೆ. ಗಂಟಿನ ಕೆಳಗಿನ ತನಕ ತಿಂದುಹೋದರೆ ಚಿಗುರುವುದು ಬುಡದ ಕಾಟು ಮಾವು. ಅಪ್ಪೆಮಿಡಿಯೆಂದೋ ಮಲ್ಲಿಕಾ ಎಂದೋ ನಾಲ್ಕು ವರ್ಷ ನೀರೆರೆದವನಿಗೆ ಕೊನೆಗೆ ಸಿಗುವುದು ಹೆಸರಿಲ್ಲದ ಹುಳಿ ಕಾಯಿ.

ಈಗ ಅಡಿಗಳ ಲೆಕ್ಕಕ್ಕೆ ಬರೋಣ. ಚುಕ್ಕೆ ಜಿಂಕೆಯ ಭುಜದ ಎತ್ತರ ಸುಮಾರು ಮೂರು ಅಡಿ. ಹಿಂಗಾಲ ಮೇಲೆ ನಿಂತರೆ ಅದರ ಬಾಯಿ ಐದಾರು ಅಡಿ ಮುಟ್ಟುತ್ತದೆ. ಕಡವೆ ಅದಕ್ಕಿಂತ ಬಹಳ ದೊಡ್ಡದು. ಅದು ಏಳೆಂಟು ಅಡಿಯ ಎಲೆಗೂ ಬಾಯಿ ಹಾಕಬಲ್ಲದು. ಇಲಿ, ಹೆಗ್ಗಣ, ಮುಳ್ಳುಹಂದಿಗಳ ಕೆಲಸ ನೆಲದಿಂದ ಎರಡು ಅಡಿಯೊಳಗೆ ಮತ್ತು ನೆಲದಡಿಯಲ್ಲಿ. ಗಿಡದ ತಲೆ ಈ ಬಾಯಿಗಳನ್ನು ದಾಟಿ, ಬುಡದ ತೊಗಟೆ ಒರಟಾಗಿ ಬಲಿತರೆ ಅಪಾಯದ ಹೆಚ್ಚಿನ ಪಾಲು ಕಳೆದಂತೆ. ಮಣ್ಣು, ನೀರು ಒಳ್ಳೆಯದಿದ್ದರೆ ಮಾವಿಗೆ ಇದು ನಾಲ್ಕೈದು ವರ್ಷದ ಮಾತು. ಹಳ್ಳಿಗಳಲ್ಲಿ ಬೆಳೆದುಬಂದ ಎಲ್ಲ ಉಪಾಯಗಳೂ ಈ ನಾಲ್ಕೈದು ವರ್ಷಗಳನ್ನು ಗಳಿಸುವ ಉಪಾಯಗಳೇ.

ಈ ಚಿಂತೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಗ್ರಂಥ ಅಚ್ಚಾಯಿತು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಹೊರಬಂತು. ಪಟ್ಟಣದ ಉದ್ಯಾನಗಳಲ್ಲಿ ಹೂ, ಹಣ್ಣು, ನೆರಳು ಕೊಡುವ ಮರಗಳ ಚಿಗುರು ಕತ್ತರಿಸಿದರೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24 ಪಣ ದಂಡವೆಂದು ಅದರಲ್ಲಿದೆ. ಚಿಗುರಿಗೂ ಬೆಲೆ ಕಟ್ಟಿದ ಕಾನೂನು ಅದು. ನಾಡಿಗೆ ಒದಗುವ ವಿಪತ್ತುಗಳ ಪಟ್ಟಿಯಲ್ಲಿ ಬೆಂಕಿ, ನೆರೆ, ಬರಗಳ ಜೊತೆಗೆ ಇಲಿಯ ಕಾಟವೂ ಸೇರಿದೆ. ಪರಿಹಾರವಾಗಿ ಬೆಕ್ಕು, ಮುಂಗುಸಿಗಳನ್ನು ಬಿಡಬೇಕು. ಅವುಗಳನ್ನು ಹಿಡಿದವರಿಗೂ ಕೊಂದವರಿಗೂ 12 ಪಣ ದಂಡ. ತಮ್ಮ ನಾಯಿಯನ್ನು ಹತೋಟಿಯಲ್ಲಿಡದವರಿಗೂ ದಂಡವುಂಟು. ಕಳ್ಳಿಯ ಹಾಲು ಸವರಿದ ಧಾನ್ಯವನ್ನು ಇಲಿಗೆ ಇಡುವ ವಿಧಾನವನ್ನೂ ಗ್ರಂಥ ಹೇಳುತ್ತದೆ. ವಿಷ ಅಂದೂ ಇತ್ತು. ಆದರೆ ಅದಕ್ಕಿಂತ ಮುಂಚೆ ಇಲಿ ಹಿಡಿಯುವ ಪ್ರಾಣಿಗಳಿಗೆ ರಾಜರಕ್ಷಣೆ ಇತ್ತು ಎಂಬುದು ಗಮನಿಸಬೇಕಾದ ಸಂಗತಿ.

ಹಾಲು ವಿಷವಾದ ಕಳ್ಳಿಯೇ ನಮ್ಮ ಬಯಲುಸೀಮೆಯಲ್ಲಿ ಬೇಲಿಯೂ ಆಯಿತು. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಇದ್ದರೂ, ಆಡೂ ಮುಟ್ಟದ ಸೊಪ್ಪು ಯಾವುದೆಂದು ಹುಡುಕಿ ತೋಟದ ಸುತ್ತ ನೆಟ್ಟವರು ನಮ್ಮ ರೈತರು. ಆಡುಸೋಗೆ, ಲಕ್ಕಿ, ಕಾಡುಹರಳು, ಕತ್ತಾಳೆ ಹೀಗೆ ಬೇಲಿಗೆ ಬಂದವು. ಇವುಗಳಲ್ಲಿ ಹಾಲು, ಕಹಿ, ನಾತ ಅಥವಾ ಮುಳ್ಳು ಇದೆ. ಕವಳಿ ಹಣ್ಣಿನ ಗಿಡ ಮುಳ್ಳಿನ ಕಾವಲನ್ನೂ ಕೊಟ್ಟು ಉಪ್ಪಿನಕಾಯಿಗೆ ಕಾಯನ್ನೂ ಕೊಡುತ್ತದೆ. ಮಲೆನಾಡಿನಲ್ಲಿ ಜೀವಂತ ಬೇಲಿಗೆ ನೆಲದ ಕೆಲಸವೂ ಸೇರಿತು. ತೋಟದ ಸುತ್ತ ಆಳವಾದ ಅಗಳು ತೋಡಿ, ಅದರ ಮಣ್ಣನ್ನು ಒಳಬದಿಗೆ ಏರಿಯಾಗಿ ಒಟ್ಟಿ, ಏರಿಯ ಮೇಲೆ ಮುಳ್ಳು ಬೆಳೆಸುವ ಪದ್ಧತಿ ಅದು. ಹಾರಬೇಕಾದ ಪ್ರಾಣಿಗೆ ಎದುರಿನ ಏರಿಯ ಎತ್ತರವೂ ಅಗಳಿನ ಆಳವೂ ಒಟ್ಟಾಗಿ ಎದುರಾಗುತ್ತವೆ. ಜನರು ಓಡಾಡುವ ದಾರಿಗೆ ದಣಪೆ. ಅದರ ಗಳುಗಳನ್ನು ಮತ್ತೆ ಸರಿಸಿ ಹೋಗುವುದು ತೋಟದ ಮೊದಲ ಶಿಷ್ಟಾಚಾರ. ಹಾಕದೆ ಹೋದವನು ಬೈಗುಳಕ್ಕೆ ಗುರಿಯಾಗುತ್ತಿದ್ದ.

ಬೇಲಿಯ ಬಲವನ್ನು ಇತಿಹಾಸವೂ ಕಂಡಿದೆ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ರಾತ್ರಿ ದಾಳಿ ನಡೆಸಿದಾಗ ಕಾವೇರಿಯ ಉತ್ತರ ದಡದಲ್ಲಿ ಅವನ ಸೈನ್ಯ ಮೊದಲು ದಾಟಬೇಕಾಗಿ ಬಂದದ್ದು ಕೋಟೆಯ ಗೋಡೆಯನ್ನಲ್ಲ, ಮುಳ್ಳುಗಿಡಗಳ ದಟ್ಟವಾದ ಗಡಿಬೇಲಿಯನ್ನು. ಕೊಡಗಿನಲ್ಲಿ ಯುದ್ಧಕಾಲದ ರಕ್ಷಣೆಗೆಂದು ತೋಡಿದ ಕಡಂಗಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ರೈತ ತೋಟಕ್ಕೆ ಮಾಡಿದ್ದನ್ನೇ ರಾಜರು ರಾಜ್ಯಕ್ಕೆ ಮಾಡಿದ್ದರು.

ಆದರೆ ಬೇಲಿಯ ಗಿಡದ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಅಮೆರಿಕ ಖಂಡದ ಪಾಪಸುಕಳ್ಳಿ ಭಾರತದಲ್ಲಿ ಬೇಲಿಯಾಗಿ ಹರಡಿ ಆಮೇಲೆ ಹೊಲಗಳನ್ನೇ ನುಂಗತೊಡಗಿತು. ಕೆಂಪು ಬಣ್ಣ ತಯಾರಿಸುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಒಂದು ಹುಳುವನ್ನು ತರಲಾಯಿತು. ಬೇಕಾಗಿದ್ದ ಜಾತಿಯೇ ಅದಾಗಿರಲಿಲ್ಲ, ಬಣ್ಣ ಕೈಗೂಡಲಿಲ್ಲ. ಹುಳು ಮಾತ್ರ ಕಳ್ಳಿಯನ್ನು ತಿಂದು ಮುಗಿಸಿತು. 1830ರ ದಶಕದಲ್ಲಿ ಅದನ್ನು ಉದ್ದೇಶಪೂರ್ವಕವಾಗಿಯೇ ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಕಳೆಯನ್ನು ಕೀಟದಿಂದ ನಿಗ್ರಹಿಸಿದ ಜಗತ್ತಿನ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಅಲಂಕಾರಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನದ ಕಥೆ ಇನ್ನೂ ಮುಗಿದಿಲ್ಲ. ಅದು ಬೇಲಿಯಾಗಿ ಹಳ್ಳಿ ಸೇರಿತು, ಅಲ್ಲಿಂದ ಕಾಡು ಸೇರಿತು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಅದು ಹಬ್ಬಿದ ಕಡೆ ಕೆಳಗಿನ ಹುಲ್ಲು ಬೆಳೆಯುವುದಿಲ್ಲ. ಜಿಂಕೆಗೆ ಬೇಕಾದದ್ದು ಹುಲ್ಲು. ತೋಟಕ್ಕೆ ಬಂದ ಜಿಂಕೆಯನ್ನು ಬೈಯುವ ಮೊದಲು ಅದರ ಅಡುಗೆಮನೆಯ ಸ್ಥಿತಿ ನೋಡಬೇಕು.

ಕಾವಲು ಎಂಬುದು ಬೇಲಿಯ ಜೊತೆಗೇ ಇತ್ತು. ಮರದ ಮೇಲೆ ಅಟ್ಟಣೆ, ಗದ್ದೆಯಂಚಿನಲ್ಲಿ ಮಾಳ, ರಾತ್ರಿಯಿಡೀ ಉರಿಯುವ ಕೊಳ್ಳಿ, ತಗಡಿನ ಸದ್ದು, ಕವಣೆ ಕಲ್ಲು, ಜೊತೆಗೊಂದು ನಾಯಿ. ಹೊಲದ ನಡುವೆ ಹಳೆಯ ಅಂಗಿ ತೊಟ್ಟ ಬೆರ್ಚಪ್ಪ. ಬೆರ್ಚಪ್ಪನ ಆಯುಸ್ಸು ಕೆಲವೇ ದಿನ; ಅಲುಗಾಡದ ಮನುಷ್ಯನಿಗೆ ಜಿಂಕೆ ಬೇಗ ಹೊಂದಿಕೊಳ್ಳುತ್ತದೆ. ಜಾಗ ಬದಲಿಸುತ್ತಿದ್ದರೆ ಮಾತ್ರ ಪ್ರಯೋಜನ. ಮನೆಯ ತುಂಬ ಜನರಿದ್ದ ಕಾಲದಲ್ಲಿ ಮಾಳಕ್ಕೆ ಸರದಿ ಇತ್ತು. ಮಕ್ಕಳು ಪೇಟೆ ಸೇರಿ, ಮನೆಯಲ್ಲಿ ಇಬ್ಬರು ವೃದ್ಧರು ಉಳಿದ ಮೇಲೆ ರಾತ್ರಿ ಎಚ್ಚರ ಇರುವವರು ಯಾರು? ತೋಟಗಳ ಕಾವಲು ಸಡಿಲವಾದದ್ದಕ್ಕೆ ಪ್ರಾಣಿ ಮಾತ್ರ ಕಾರಣವಲ್ಲ.

ಗಿಡಕ್ಕೆ ಏನಾದರೂ ಬಳಿದು ಬಾಯಿಗೆ ಕಹಿ ಮಾಡುವುದು ಇನ್ನೊಂದು ದಾರಿ. ಸಗಣಿಯ ನೀರು ಚಿಮುಕಿಸುವುದು, ಬುಡಕ್ಕೆ ಸುಣ್ಣ ಬಳಿಯುವುದು ನಮ್ಮಲ್ಲಿ ರೂಢಿ. ಇಲ್ಲಿ ಒಂದು ಸ್ವಾರಸ್ಯದ ಘಟನೆಯಿದೆ. ಫ್ರಾನ್ಸಿನ ಬೋರ್ಡೊ ಪ್ರಾಂತದಲ್ಲಿ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ದ್ರವ ಎರಚುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅಲ್ಲಿ ನಡೆದುಹೋಗುವಾಗ ರೋಗ ಬಡಿದ ತೋಟದಲ್ಲಿ ಆ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡರು. ಅದರಿಂದ ಹುಟ್ಟಿದ್ದೇ ಬೋರ್ಡೊ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಕಳ್ಳನ ಕೈ ತಡೆಯಲು ಹೊರಟದ್ದು ಮಲೆನಾಡಿನ ಅಡಿಕೆಯನ್ನು ಉಳಿಸಿತು. ತೊಗಟೆ ಕೆತ್ತಿದ ಗಾಯಕ್ಕೆ ಇದನ್ನೇ ಗಟ್ಟಿಯಾಗಿ ಕಲಸಿ ಬಳಿಯುವುದು ಇಂದಿಗೂ ಒಳ್ಳೆಯ ಚಿಕಿತ್ಸೆ. ಆದರೆ ಯಾವ ಲೇಪವೂ ಮಳೆಗೆ ತೊಳೆದುಹೋಗುತ್ತದೆ; ಹೊಸ ಚಿಗುರಿಗೆ ಅದರ ರಕ್ಷಣೆ ಇರುವುದಿಲ್ಲ. ಹಸಿದ ಪ್ರಾಣಿ ಕಹಿಯನ್ನೂ ಲೆಕ್ಕಿಸುವುದಿಲ್ಲ.

ಹಾಗಾದರೆ ಇಂದು ಮಾಡಬೇಕಾದ್ದೇನು? ಕೆಲವೇ ಗಿಡಗಳಿದ್ದರೆ ಪ್ರತಿ ಗಿಡಕ್ಕೂ ಒಂದು ಪಂಜರ ಸಾಕು. ಬಿದಿರಿನ ದಬ್ಬೆಯದಾಗಲಿ ತಂತಿಯದಾಗಲಿ, ಅದು ಐದಾರು ಅಡಿ ಎತ್ತರವಿದ್ದು, ಹೊರಗೆ ನಿಂತ ಜಿಂಕೆಯ ಮೂತಿ ಎಲೆಗೆ ತಾಗದಷ್ಟು ಅಗಲವಾಗಿರಬೇಕು. ಕಡವೆಯ ಓಡಾಟವಿದ್ದರೆ ಇನ್ನೂ ಎತ್ತರ ಬೇಕು. ಬುಡದ ಎರಡು ಅಡಿಗೆ ಅರ್ಧ ಅಂಗುಲ ಕಣ್ಣಿನ ಜಾಲರಿ ಸುತ್ತಿ, ಅದರ ಅಂಚನ್ನು ಅರ್ಧ ಅಡಿಯಷ್ಟು ನೆಲದೊಳಗೆ ಹೂಳಿದರೆ ಇಲಿಗೂ ತಡೆಯಾಗುತ್ತದೆ. ಜಾಲರಿ ಕಾಂಡಕ್ಕೆ ಅಂಟಿಕೊಂಡಿರಬಾರದು; ಗಿಡ ದಪ್ಪವಾದಂತೆ ಸಡಿಲಿಸಬೇಕು. ಮರೆತರೆ ಇಲಿ ಮಾಡದ ಕೆಲಸವನ್ನು ತಂತಿಯೇ ಮಾಡುತ್ತದೆ: ತೊಗಟೆಯನ್ನು ಸುತ್ತಲೂ ಕತ್ತರಿಸುತ್ತದೆ. ಬುಡಕ್ಕೆ ಹಾಕುವ ತರಗು, ಹುಲ್ಲಿನ ಮುಚ್ಚಿಗೆ ತೇವ ಉಳಿಸುತ್ತದೆ ನಿಜ. ಅದೇ ಇಲಿಗೆ ಬೆಚ್ಚಗಿನ ಮನೆಯೂ ಹೌದು. ಆದ್ದರಿಂದ ಕಾಂಡದ ಸುತ್ತ ಒಂದು ಅಡಿ ಜಾಗವನ್ನು ಬರಿದಾಗಿ ಬಿಡಬೇಕು.

ತೋಟ ದೊಡ್ಡದಿದ್ದರೆ ಜಿಂಕೆ ಹಾರದಂತೆ ಎಂಟು ಅಡಿಯ ಬೇಲಿ ಬೇಕಾಗುತ್ತದೆ. ಅದರ ಖರ್ಚು ಎಲ್ಲರಿಗೂ ಎಟುಕದು. ಸೌರ ಬೇಲಿ ಇನ್ನೊಂದು ಮಾರ್ಗ. ಅದರಲ್ಲಿ ವಿದ್ಯುತ್ ಎಡೆಬಿಡದೆ ಹರಿಯುವುದಿಲ್ಲ, ಕ್ಷಣಮಾತ್ರದ ಹೊಡೆತವಾಗಿ ಬರುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ತಂತಿ ಎಳೆಯುವುದು ಹಾಗಲ್ಲ. ಅದು ಅಪರಾಧ, ಆನೆಗಳನ್ನೂ ಕೊಂದಿದೆ, ಹಸುಗಳನ್ನೂ ಕೊಂದಿದೆ, ಬೆಳಗಿನ ಜಾವ ತೋಟಕ್ಕೆ ಹೋದ ಮನುಷ್ಯರನ್ನೂ ಕೊಂದಿದೆ. ಜಿಂಕೆ, ಕಡವೆಗಳನ್ನು ಕೊಲ್ಲುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ.

ಇಲಿಗೆ ವಿಷ ಇಡುವವರೂ ಒಂದು ಮಾತು ಯೋಚಿಸಬೇಕು. ಕೆಲವು ವಿಷಗಳು ನಿಧಾನವಾಗಿ ಕೊಲ್ಲುತ್ತವೆ. ವಿಷ ತಿಂದು ತೂರಾಡುವ ಇಲಿಯನ್ನು ಗೂಬೆ ಸುಲಭವಾಗಿ ಹಿಡಿಯುತ್ತದೆ, ಅದೂ ಸಾಯುತ್ತದೆ. ಹೆಗ್ಗಣ ಒಂದು ಸೂಲಿಗೆ ಆರೆಂಟು ಮರಿ ಹಾಕುತ್ತದೆ. ಗೂಬೆಯ ಸಂತಾನ ಅಷ್ಟು ಬೇಗ ಬೆಳೆಯುವುದಿಲ್ಲ. ಹೀಗೆ ವಿಷದ ಲಾಭ ಕೊನೆಗೆ ಇಲಿಗೇ ಹೋಗುತ್ತದೆ. ಗೂಬೆಯನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವವರು, ಕೇರೆ ಹಾವನ್ನು ಕಂಡಲ್ಲಿ ಬಡಿಯುವವರು ತಮ್ಮ ತೋಟದ ಸಂಬಳವಿಲ್ಲದ ಕಾವಲುಗಾರರನ್ನೇ ಕಳೆದುಕೊಳ್ಳುತ್ತಿದ್ದಾರೆ. ಮುಂಗುಸಿಯನ್ನು ಕೊಂದವನಿಗೆ 12 ಪಣ ದಂಡ ಹಾಕಿದ ಶಾಸ್ತ್ರಕಾರನಿಗೆ ಈ ಲೆಕ್ಕ ಗೊತ್ತಿತ್ತು.

ಇಷ್ಟೆಲ್ಲ ಮಾಡಿದರೂ ಕೆಲವು ಗಿಡಗಳಿಗೆ ಗಾಯವಾಗುತ್ತದೆ. ಸುತ್ತಳತೆಯ ಒಂದು ಪಾಲು ತೊಗಟೆ ಉಳಿದಿದ್ದರೂ ಆಸೆ ಬಿಡಬೇಕಿಲ್ಲ. ಗಾಯದ ಅಂಚನ್ನು ಚೂಪಾದ ಚಾಕುವಿನಿಂದ ನೇರ ಮಾಡಿ ಲೇಪ ಬಳಿದರೆ ಪಕ್ಕದಿಂದ ತೊಗಟೆ ಮೆಲ್ಲನೆ ಕೂಡುತ್ತದೆ. ಉಂಗುರ ಪೂರ್ತಿ ಹೋಗಿದ್ದರೆ, ಅದೇ ಗಿಡದ ಹಸಿ ಕಡ್ಡಿಗಳನ್ನು ಗಾಯದ ಕೆಳಗಿನ ತೊಗಟೆಯಿಂದ ಮೇಲಿನ ತೊಗಟೆಗೆ ಸೇತುವೆಯಂತೆ ಜೋಡಿಸಿ ಕಟ್ಟುವ ಕಸಿ ಇದೆ. ಸೇಬು ಬೆಳೆಯುವ ನಾಡುಗಳಲ್ಲಿ ಇದು ಹಳೆಯ ವಿದ್ಯೆ. ಕಡ್ಡಿ ಕೂಡಿಕೊಂಡರೆ ಬೇರಿಗೆ ಮತ್ತೆ ಊಟ ಇಳಿಯುತ್ತದೆ. ಆದರೆ ಇದಕ್ಕೆ ಗಾಯವನ್ನು ಬೇಗ ನೋಡಿರಬೇಕು. ನೋಡಬೇಕಾದರೆ ವಾರಕ್ಕೊಮ್ಮೆಯಾದರೂ ಬಗ್ಗಿ ಪ್ರತಿ ಗಿಡದ ಬುಡ ಪರೀಕ್ಷಿಸಬೇಕು. ಯಾವ ತಂತಿಯೂ ಈ ಬಗ್ಗುವ ಕೆಲಸಕ್ಕೆ ಬದಲಿಯಲ್ಲ.

ಕಾಡಿನಲ್ಲಿ ಒಂದು ದೃಶ್ಯ ಸಾಮಾನ್ಯ. ಮರದ ಮೇಲೆ ಮುಸುವಗಳು ಹಣ್ಣು, ಎಲೆಗಳನ್ನು ತಿನ್ನುತ್ತ ಅರ್ಧಕ್ಕರ್ಧ ಕೆಳಗೆ ಚೆಲ್ಲುತ್ತವೆ. ಕೆಳಗೆ ಚುಕ್ಕೆ ಜಿಂಕೆಗಳು ಅದನ್ನು ಆರಿಸಿ ತಿನ್ನುತ್ತವೆ. ಬೆಳೆದ ಮರಕ್ಕೆ ಜಿಂಕೆಯಿಂದ ಕೇಡಿಲ್ಲ, ಜಿಂಕೆಗೆ ಆ ಮರದಿಂದ ಊಟವುಂಟು. ಎಳೆಯದಾಗಿದ್ದಾಗ ಯಾವ ಬಾಯಿಗೆ ಹೆದರಬೇಕಿತ್ತೋ ಬೆಳೆದ ಮೇಲೆ ಅದೇ ಬಾಯಿಗೆ ತುತ್ತು ಕೊಡುವಷ್ಟು ಮರ ದೊಡ್ಡದಾಗುತ್ತದೆ. ಆ ನಡುವಿನ ನಾಲ್ಕೈದು ವರ್ಷಗಳನ್ನು ದಾಟಿಸುವ ಹೊಣೆ ನೆಟ್ಟವರದು. ಈ ಮಳೆಗಾಲದಲ್ಲಿ ನೂರು ಗಿಡ ನೆಟ್ಟು ಹತ್ತು ಉಳಿಸಿಕೊಳ್ಳುವುದಕ್ಕಿಂತ, ಇಪ್ಪತ್ತು ನೆಟ್ಟು ಇಪ್ಪತ್ತಕ್ಕೂ ಪಂಜರ ಕಟ್ಟುವುದು ಲೇಸು. ಯುಗಾದಿಯ ಎಣಿಕೆಗೆ ಆಗ ಅಂಜಬೇಕಾಗಿಲ್ಲ.